ಧ್ರುವದ ಆಕಾಶದಲ್ಲಿ ವಿದ್ಯುತ್ ಕಂಡ ಬಿರ್ಕೆಲಾಂಡ್

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ವಿಜ್ಞಾನಿಯೊಬ್ಬರ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಹೇಳಿದರು. ವಿದ್ಯಾನಗರದ ಈ ಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿದ ನಾನು ನಾರ್ವೆ ದೇಶದ ಕ್ರಿಸ್ಟಿಯಾನ್ ಬಿರ್ಕೆಲಾಂಡ್ ಅವರನ್ನು ಆರಿಸಿಕೊಂಡಿದ್ದೇನೆ. ಅವರ ಕೆಲಸಕ್ಕೂ ನಮ್ಮ ರೈತರ ಗೊಬ್ಬರದ ಚೀಲಕ್ಕೂ ಸಂಬಂಧವಿದೆ. ರಾತ್ರಿ ರೇಡಿಯೊ ಸಿಲೋನ್ ಕೇಳಿದ ಹಳೆಯ ವಿದ್ಯಾರ್ಥಿಗಳಿಗೂ ಸಂಬಂಧವಿದೆ.

ಬಿರ್ಕೆಲಾಂಡ್ ಅವರು 1867ರ ಡಿಸೆಂಬರ್ 13ರಂದು ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇಂದಿನ ಓಸ್ಲೋದಲ್ಲಿ ಹುಟ್ಟಿದರು. 1898ರಲ್ಲಿ, ಇನ್ನೂ ಮೂವತ್ತರ ಪ್ರಾಯದಲ್ಲೇ, ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಉತ್ತರ ಧ್ರುವದ ಕಡೆಗೆ ಹೋದಂತೆ ರಾತ್ರಿಯ ಆಕಾಶದಲ್ಲಿ ಹಸಿರು, ಕೆಂಪು ಬೆಳಕು ಪರದೆಯಂತೆ ಅಲೆಯುತ್ತದೆ. ಅದೇ ಧ್ರುವಪ್ರಭೆ. ಅದು ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆ ಅವರನ್ನು ಬದುಕಿನುದ್ದಕ್ಕೂ ಬಿಡಲಿಲ್ಲ.

1899ರ ಚಳಿಗಾಲದಲ್ಲಿ ಉತ್ತರ ನಾರ್ವೆಯ ಹಾಲ್ಡೆ ಬೆಟ್ಟದ ನೆತ್ತಿಯ ಮೇಲೆ, ಸುಮಾರು 900 ಮೀಟರ್ ಎತ್ತರದಲ್ಲಿ, ಕಲ್ಲಿನ ವೀಕ್ಷಣಾಲಯದಲ್ಲಿ ಸಂಗಡಿಗರೊಂದಿಗೆ ಬೀಡುಬಿಟ್ಟರು. ತಿಂಗಳುಗಟ್ಟಲೆ ಹಗಲೇ ಇಲ್ಲದ ಕತ್ತಲೆ, ಬಿರುಗಾಳಿ, ಹಿಮ. ತಂಡದ ಯುವಕನೊಬ್ಬ ಹಿಮಕುಸಿತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ. ಆದರೂ ಕೆಲಸ ನಿಲ್ಲಲಿಲ್ಲ. 1902–03ರಲ್ಲಿ ನಾರ್ವೆ, ಐಸ್‌ಲ್ಯಾಂಡ್, ಸ್ಪಿಟ್ಸ್‌ಬರ್ಗನ್, ನೊವಾಯ ಜೆಮ್ಲ್ಯಾಗಳಲ್ಲಿ ನಾಲ್ಕು ಠಾಣೆಗಳನ್ನು ಹೂಡಿ, ಧ್ರುವಪ್ರಭೆ ಬೆಳಗುವಾಗ ಅಯಸ್ಕಾಂತದ ಮುಳ್ಳು ಹೇಗೆ ಅಲುಗುತ್ತದೆ ಎಂದು ಬರೆದಿಟ್ಟರು.

ಆ ಅಳತೆಗಳಿಂದ ಅವರು ಮಾಡಿದ ತೀರ್ಮಾನ ಇದು: ಸೂರ್ಯನಿಂದ ಬರುವ ವಿದ್ಯುತ್ ಕಣಗಳು ಭೂಮಿಯ ಕಾಂತರೇಖೆಗಳ ಗುಂಟ ಧ್ರುವಗಳ ಕಡೆಗೆ ಇಳಿಯುತ್ತವೆ, ಆ ವಿದ್ಯುತ್ ಪ್ರವಾಹ ನೂರು ಕಿಲೋಮೀಟರಿಗೂ ಮಿಕ್ಕ ಎತ್ತರದಲ್ಲಿ ಅಡ್ಡ ಹರಿದು ಮತ್ತೆ ಮೇಲಕ್ಕೆ ಹೋಗುತ್ತದೆ. ಇದನ್ನು ತೋರಿಸಲು ಗಾಳಿ ತೆಗೆದ ಗಾಜಿನ ಪೆಟ್ಟಿಗೆಯಲ್ಲಿ ಕಾಂತಗುಣದ ಗೋಳವೊಂದನ್ನು ಇಟ್ಟು ಅದರತ್ತ ಎಲೆಕ್ಟ್ರಾನುಗಳನ್ನು ಹಾಯಿಸಿದರು. ಗೋಳದ ಎರಡೂ ಧ್ರುವಗಳ ಸುತ್ತ ಬೆಳಕಿನ ಬಳೆ ಮೂಡಿತು.

ಇಂಥ ಕೆಲಸಕ್ಕೆ ಹಣ ಬೇಕು. ಅದಕ್ಕಾಗಿ ಅವರು ವಿದ್ಯುತ್ತಿನಿಂದ ಗುಂಡು ಹಾರಿಸುವ ತೋಪು ಕಟ್ಟಿದರು. 1903ರಲ್ಲಿ ಜನರೆದುರು ಅದನ್ನು ಹಾರಿಸಿದಾಗ ಶಾರ್ಟ್ ಸರ್ಕ್ಯೂಟ್ ಆಗಿ ದೊಡ್ಡ ಕಿಡಿ ಚಿಮ್ಮಿತು, ಪ್ರದರ್ಶನ ಕೆಟ್ಟಿತು. ಆದರೆ ಅದೇ ಬಗೆಯ ಕಿಡಿಯೇ ಬೇರೆ ಕೆಲಸಕ್ಕೆ ಬಂತು. ಮಿಂಚು ಗಾಳಿಯ ಸಾರಜನಕವನ್ನು ಸುಡುವಂತೆ ವಿದ್ಯುತ್ ಕಿಡಿಯಿಂದಲೂ ಸುಡಬಹುದಿತ್ತು. ಸ್ಯಾಮ್ ಐಡೆ ಎಂಬ ಎಂಜಿನಿಯರ್ ಜೊತೆ ಸೇರಿ ಗಾಳಿಯಿಂದ ಸಾರಜನಕದ ಗೊಬ್ಬರ ತಯಾರಿಸುವ ವಿಧಾನ ಕಂಡುಹಿಡಿದರು. 1905ರಲ್ಲಿ ನಾರ್ಸ್ಕ್ ಹೈಡ್ರೋ ಕಂಪನಿ ಹುಟ್ಟಿತು. ವಿದ್ಯುತ್ ಬಹಳ ಬೇಕಾಗುತ್ತಿದ್ದುದರಿಂದ ಆ ವಿಧಾನ ಮುಂದೆ ಹಿಂದೆ ಬಿತ್ತು. ಇಂದಿನ ಯೂರಿಯಾ ಬೇರೆ ದಾರಿಯಲ್ಲಿ ತಯಾರಾಗುತ್ತದೆ. ಆದರೆ ಗಾಳಿಯಿಂದ ಗೊಬ್ಬರದ ಕಾರ್ಖಾನೆ ನಡೆಸಬಹುದೆಂದು ಮೊದಲು ತೋರಿಸಿದವರಲ್ಲಿ ಇವರಿಬ್ಬರೂ ಸೇರಿದ್ದಾರೆ.

ಕೊನೆಯ ವರ್ಷಗಳು ಸುಖದವಲ್ಲ. ನಿದ್ರೆ ಬಾರದೆ ಔಷಧಕ್ಕೆ ಅಂಟಿಕೊಂಡರು. ಸಂಶೋಧನೆಗೆಂದು ಈಜಿಪ್ಟಿಗೆ ಹೋಗಿದ್ದವರು ಮಹಾಯುದ್ಧದ ನಡುವೆ ಜಪಾನ್ ಮಾರ್ಗವಾಗಿ ಊರಿಗೆ ಹೊರಟರು. 1917ರ ಜೂನ್ 15ರಂದು ಟೋಕಿಯೊದ ಹೋಟೆಲೊಂದರಲ್ಲಿ ತೀರಿಕೊಂಡರು. ಆಗ ಅವರಿಗೆ 49 ವರ್ಷ. ಅವರ ಪ್ರವಾಹದ ಮಾತನ್ನು ವಿದ್ವಾಂಸರು ಒಪ್ಪಿರಲಿಲ್ಲ. ಮುಂದೆ ಸಿಡ್ನಿ ಚಾಪ್ಮನ್ ಅವರಂಥ ದೊಡ್ಡ ಗಣಿತಜ್ಞರು, ಪ್ರವಾಹವೆಲ್ಲ ವಾತಾವರಣದ ಒಳಗೇ ಸುತ್ತುತ್ತದೆ ಎಂದು ವಾದಿಸಿದರು. ನೆಲದ ಮೇಲಿನ ಉಪಕರಣಗಳಿಂದ ಈ ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸುವಂತಿರಲಿಲ್ಲ. 1966ರಲ್ಲಿ ಅಮೆರಿಕದ ನೌಕಾಪಡೆಯ ಉಪಗ್ರಹವೊಂದು ಧ್ರುವದ ಮೇಲೆ ಮಾಡಿದ ಅಳತೆಗಳು ಪ್ರಕಟವಾದವು. ಅವುಗಳಲ್ಲಿ ಕಂಡದ್ದು ಬಿರ್ಕೆಲಾಂಡ್ ಹೇಳಿದ ಪ್ರವಾಹವೇ ಎಂಬುದು ಮರುವರ್ಷ ಮನವರಿಕೆಯಾಯಿತು. ಅಷ್ಟರಲ್ಲಿ ಅವರು ಕಣ್ಮುಚ್ಚಿ ಐವತ್ತು ವರ್ಷ ಕಳೆದಿತ್ತು.

ಇನ್ನು ರೇಡಿಯೊದ ಮಾತು. ಕೊಲಂಬೊದ ಧ್ವನಿ ಹುಬ್ಬಳ್ಳಿಗೆ ಬರುತ್ತಿದ್ದುದು ಆಕಾಶದ ಅಯಾನುಗೋಳಕ್ಕೆ ತಾಗಿ ಮರಳಿದ್ದರಿಂದ. ಅಲ್ಲಿ ಗಾಳಿಯ ಅಣುಗಳು ಎಲೆಕ್ಟ್ರಾನ್ ಕಳೆದುಕೊಂಡು ವಿದ್ಯುದಂಶ ಪಡೆದಿರುತ್ತವೆ. ಇದರೊಳಗೆ, ಸುಮಾರು 90ರಿಂದ 120 ಕಿಲೋಮೀಟರ್ ಎತ್ತರದಲ್ಲಿ, ಕೆಲವೊಮ್ಮೆ ಒಂದೆರಡು ಕಿಲೋಮೀಟರ್ ಮಾತ್ರ ದಪ್ಪದ ತೆಳು ಪದರಗಳು ಮೂಡುತ್ತವೆ. ಉರಿದುಹೋದ ಉಲ್ಕೆಗಳು ಬಿಟ್ಟ ಕಬ್ಬಿಣ, ಮೆಗ್ನೀಸಿಯಂ ಅಯಾನುಗಳು ಅಲ್ಲಿ ಒಟ್ಟುಗೂಡುತ್ತವೆ. ಒಂಟಿ ಪರಮಾಣುವಿನ ಈ ಅಯಾನುಗಳು ಕಳೆದುಕೊಂಡ ಎಲೆಕ್ಟ್ರಾನನ್ನು ಬೇಗ ಮರಳಿ ಪಡೆಯುವುದಿಲ್ಲ, ಹಾಗಾಗಿ ಬಹಳ ಹೊತ್ತು ಉಳಿಯುತ್ತವೆ.

ಸಮಶೀತೋಷ್ಣ ಪ್ರದೇಶಗಳಲ್ಲಿ ಎದುರುಬದುರು ಬೀಸುವ ಗಾಳಿಯೇ ಇವನ್ನು ಕೂಡಿಸುತ್ತದೆ. ಧ್ರುವದ ಬಳಿ ಕಾಂತರೇಖೆಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುವುದರಿಂದ ಗಾಳಿಯ ಈ ಆಟ ಅಷ್ಟು ಸಾಗದು. ಅಲ್ಲಿ ಮುಖ್ಯ ಕೆಲಸ ಮಾಡುವುದು ವಿದ್ಯುತ್ ಕ್ಷೇತ್ರ. ಬಿರ್ಕೆಲಾಂಡ್ ಕಂಡ ಪ್ರವಾಹಗಳ ಜೊತೆಗೇ ಇರುವ ಕ್ಷೇತ್ರ ಅದು. ಕೆಳಗೆ ಗಾಳಿ ದಟ್ಟ, ಮೇಲೆ ವಿರಳ. ಆದ್ದರಿಂದ ಅಯಾನುಗಳು ಎತ್ತರಕ್ಕೆ ತಕ್ಕಂತೆ ಬೇರೆ ಬೇರೆ ದಿಕ್ಕಿಗೆ ಸರಿಯುತ್ತವೆ. ಕ್ಷೇತ್ರದ ದಿಕ್ಕು ಅನುಕೂಲವಾಗಿದ್ದಾಗ ಮೇಲಿನವು ಕೆಳಗೂ ಕೆಳಗಿನವು ಮೇಲಕ್ಕೂ ಬಂದು ಒಂದೆಡೆ ಸೇರುತ್ತವೆ. ಅಂಗಳವನ್ನು ಎರಡು ಕಡೆಯಿಂದ ಗುಡಿಸಿದರೆ ಕಸ ನಡುವೆ ಗೆರೆಯಾಗಿ ಕೂಡುವ ಹಾಗೆ.

ನಾರ್ವೆ ದೇಶ 1994ರಲ್ಲಿ ತನ್ನ 200 ಕ್ರೋನರ್ ನೋಟಿನ ಮೇಲೆ ಬಿರ್ಕೆಲಾಂಡ್ ಅವರ ಚಿತ್ರ ಅಚ್ಚು ಹಾಕಿತು. ಆ ಗೌರವ ಕಾಣಲು ಅವರಿರಲಿಲ್ಲ. ಆದರೆ ಕೊರೆವ ಚಳಿಯಲ್ಲಿ ಅವರು ಬರೆದಿಟ್ಟ ಅಂಕಿಗಳು ಉಳಿದಿದ್ದವು. ನಮ್ಮ ಶಾಲೆಯ ಮಕ್ಕಳಿಗೆ ನಾನು ಹೇಳುವುದಿಷ್ಟೇ: ಪ್ರಯೋಗದ ವಹಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಅದಕ್ಕೆ ಅಂಕ ಇಂದು ಸಿಗಲಿಕ್ಕಿಲ್ಲ, ಆದರೆ ಮುಂದೆ ಬರುವವರಿಗೆ ಅದು ಬೇಕಾಗುತ್ತದೆ.