ಎಸ್. ನಿಜಲಿಂಗಪ್ಪ

ಸಿದ್ದವನಹಳ್ಳಿ ನಿಜಲಿಂಗಪ್ಪ (10 ಡಿಸೆಂಬರ್ 1902 – ಆಗಸ್ಟ್ 2000) ಸ್ವಾತಂತ್ರ್ಯ ಹೋರಾಟಗಾರರು, ಕರ್ನಾಟಕ ಏಕೀಕರಣ ಚಳವಳಿಯ ಪ್ರಮುಖ ನಾಯಕರು ಹಾಗೂ ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ. ಎರಡು ಅವಧಿಗಳಲ್ಲಿ ಅವರು ಆ ಹುದ್ದೆಯಲ್ಲಿದ್ದರು. 1968ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1969ರಲ್ಲಿ ಪಕ್ಷವು ಇಬ್ಭಾಗವಾದಾಗ, ಇಂದಿರಾ ಗಾಂಧಿಯವರನ್ನು ವಿರೋಧಿಸಿದ ಹಿರಿಯರ ಬಣದ ಮುಂಚೂಣಿಯಲ್ಲಿದ್ದರು. ಹರಿದು ಹಂಚಿಹೋಗಿದ್ದ ನಾಡನ್ನು ಒಂದುಗೂಡಿಸಲು ದುಡಿದವರ ಅಧ್ಯಕ್ಷತೆಯಲ್ಲಿಯೇ ಅವರ ಪಕ್ಷ ಒಡೆದದ್ದು ಅವರ ರಾಜಕೀಯ ಜೀವನದ ದೊಡ್ಡ ವಿಪರ್ಯಾಸ.

ಜನನ ಮತ್ತು ವಿದ್ಯಾಭ್ಯಾಸ

ನಿಜಲಿಂಗಪ್ಪನವರು ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಗ್ರಾಮದ ವೀರಶೈವ ಲಿಂಗಾಯತ ಕುಟುಂಬದಲ್ಲಿ ಜನಿಸಿದರು. ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಊರು ಈಗ ವಿಜಯನಗರ ಜಿಲ್ಲೆಯಲ್ಲಿದೆ. ಐದನೆಯ ವಯಸ್ಸಿನಲ್ಲಿಯೇ ಅವರು ತಂದೆಯನ್ನು ಕಳೆದುಕೊಂಡರು. ದಾವಣಗೆರೆ ಮತ್ತು ಚಿತ್ರದುರ್ಗಗಳಲ್ಲಿ ಓದಿ, 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದರು. 1926ರಲ್ಲಿ ಪುಣೆಯಲ್ಲಿ ಕಾನೂನು ಪದವಿ ಪಡೆದು, ಚಿತ್ರದುರ್ಗದಲ್ಲಿ ವಕೀಲಿ ವೃತ್ತಿ ಆರಂಭಿಸಿದರು. ಮುಂದೆ ಆ ಊರೇ ಅವರ ಕರ್ಮಭೂಮಿಯಾಯಿತು.

ಸ್ವಾತಂತ್ರ್ಯ ಹೋರಾಟ

1930ರ ದಶಕದಲ್ಲಿ ಅವರು ಕಾಂಗ್ರೆಸ್ ಚಟುವಟಿಕೆಗಳಲ್ಲಿ ಸಕ್ರಿಯರಾದರು. 1939ರಲ್ಲಿ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆಯಿತು. ಹೆಂಡದಿಂದ ಸಂಸ್ಥಾನದ ಬೊಕ್ಕಸಕ್ಕೆ ವರಮಾನ ಬರುತ್ತಿದ್ದುದರಿಂದ, ಈಚಲು ಮರ ಕಡಿಯುವುದು ಪಾನನಿರೋಧದ ಜೊತೆಗೆ ಸರ್ಕಾರಕ್ಕೆ ಒಡ್ಡಿದ ಪ್ರತಿಭಟನೆಯೂ ಆಗಿತ್ತು. ಈ ಹೋರಾಟದಲ್ಲಿ ನಿಜಲಿಂಗಪ್ಪನವರು ಸೆರೆಮನೆ ಸೇರಿದರು. ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯರಾದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು.

ಕರ್ನಾಟಕ ಏಕೀಕರಣ

ಸ್ವಾತಂತ್ರ್ಯ ಬಂದಾಗ ಕನ್ನಡ ಮಾತನಾಡುವ ಪ್ರದೇಶಗಳು ಮೈಸೂರು, ಮುಂಬಯಿ, ಮದ್ರಾಸ್, ಹೈದರಾಬಾದ್ ಮತ್ತು ಕೊಡಗು ಎಂಬ ಆಡಳಿತಗಳ ಕೆಳಗೆ ಹಂಚಿಹೋಗಿದ್ದವು. ಹಳೆಯ ಮೈಸೂರಿನ ಕೆಲವು ನಾಯಕರಿಗೆ ಏಕೀಕರಣದ ಬಗ್ಗೆ ಅಳುಕಿತ್ತು. ಹಿಂದುಳಿದ ಪ್ರದೇಶಗಳ ಹೊರೆ ತಮ್ಮ ಮೇಲೆ ಬೀಳುವುದೆಂಬುದು ಒಂದು ಕಾರಣ. ಅಧಿಕಾರದ ಕೇಂದ್ರ ಬದಲಾಗುವುದೆಂಬುದು ಮತ್ತೊಂದು. ಮದ್ರಾಸ್ ಪ್ರಾಂತ್ಯದಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದಲ್ಲಿ ಬೆಳೆದು, ಮುಂಬಯಿ ಪ್ರಾಂತ್ಯದಲ್ಲಿ ಕಾನೂನು ಓದಿದ ನಿಜಲಿಂಗಪ್ಪನವರಿಗೆ ಈ ಗಡಿಗಳ ಅಸಹಜತೆ ಚೆನ್ನಾಗಿ ತಿಳಿದಿತ್ತು. ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿ ಅವರು ಏಕೀಕರಣದ ಬೇಡಿಕೆಯನ್ನು ಪಕ್ಷದ ಒಳಗಿನಿಂದಲೇ ಮುಂದೊತ್ತಿದರು. 1956ರ ನವೆಂಬರ್ 1ರಂದು 19 ಜಿಲ್ಲೆಗಳ ವಿಶಾಲ ಮೈಸೂರು ರಾಜ್ಯ ಉದಯವಾದಾಗ ಅದರ ಮೊದಲ ಮುಖ್ಯಮಂತ್ರಿಯಾದರು.

ಮುಖ್ಯಮಂತ್ರಿಯಾಗಿ

ಮೊದಲ ಅವಧಿ 1958ರ ಮೇ ತಿಂಗಳಲ್ಲಿ ಕೊನೆಗೊಂಡಿತು. ಪಕ್ಷದ ಒಳಜಗಳದಿಂದಾಗಿ ಅವರು ರಾಜೀನಾಮೆ ನೀಡಿದರು, ಬಿ. ಡಿ. ಜತ್ತಿ ಅವರು ಮುಖ್ಯಮಂತ್ರಿಯಾದರು. 1962ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದರೂ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಎಸ್. ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯ ಉಪಚುನಾವಣೆಯಲ್ಲಿ ಗೆದ್ದ ಬಳಿಕ ಸ್ಥಾನವನ್ನು ಬಿಟ್ಟುಕೊಟ್ಟರು.

1962ರ ಜೂನ್‌ನಿಂದ 1968ರ ಮೇ ವರೆಗಿನ ಎರಡನೆಯ ಅವಧಿ ಹೆಚ್ಚು ಫಲಪ್ರದವಾಗಿತ್ತು. 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆಯಾಗಿಸುವ ಅಧಿನಿಯಮ ಜಾರಿಗೆ ಬಂದಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮತ್ತು ಕೃಷಿ ವಿಶ್ವವಿದ್ಯಾಲಯಗಳು ಆರಂಭವಾದವು. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ವಿದ್ಯುತ್ ಯೋಜನೆ ಕಾರ್ಯಾರಂಭ ಮಾಡಿತು. ಇದೇ ವರ್ಷ ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಶಂಕುಸ್ಥಾಪನೆಯಾಯಿತು.

ಮಹಾರಾಷ್ಟ್ರದೊಂದಿಗಿನ ಗಡಿ ವಿವಾದದ ಪರಿಶೀಲನೆಗೆ 1966ರಲ್ಲಿ ಕೇಂದ್ರ ಸರ್ಕಾರ ಮಹಾಜನ ಆಯೋಗವನ್ನು ನೇಮಿಸಿತು. ಮರುವರ್ಷ ಬಂದ ವರದಿಯು ಬೆಳಗಾವಿಯನ್ನು ಮೈಸೂರು ರಾಜ್ಯದಲ್ಲೇ ಉಳಿಸಿತು. ಚಂದ್ರಗಿರಿ ನದಿಯ ಉತ್ತರಕ್ಕಿರುವ ಕಾಸರಗೋಡು ಪ್ರದೇಶವನ್ನು ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿತು. ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿತು. ಶಿಫಾರಸುಗಳು ಜಾರಿಯಾಗಲಿಲ್ಲ. ಏಕೀಕರಣದ ಕೆಲಸ ಆ ಮಟ್ಟಿಗೆ ಅಪೂರ್ಣವಾಗಿಯೇ ಉಳಿಯಿತು.

ಕಾಂಗ್ರೆಸ್ ಅಧ್ಯಕ್ಷತೆ ಮತ್ತು ವಿಭಜನೆ

1968ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಡೆದ ಅಧಿವೇಶನದಲ್ಲಿ ನಿಜಲಿಂಗಪ್ಪನವರು ಕಾಮರಾಜರ ನಂತರ ಪಕ್ಷದ ಅಧ್ಯಕ್ಷರಾದರು. ಕೆಲವು ತಿಂಗಳ ಬಳಿಕ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು. ಆರ್ಥಿಕ ವಿಷಯಗಳಲ್ಲಿ ಅವರದು ಸಂಪ್ರದಾಯವಾದಿ ನಿಲುವು. 1969ರ ಏಪ್ರಿಲ್‌ನಲ್ಲಿ ಫರೀದಾಬಾದ್ ಅಧಿವೇಶನದಲ್ಲಿ ಸಾರ್ವಜನಿಕ ಉದ್ಯಮಗಳ ಕಾರ್ಯವೈಖರಿಯನ್ನು ಟೀಕಿಸಿದಾಗ ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಬಹಿರಂಗವಾಗಿ ಅಲ್ಲಗಳೆದರು.

ರಾಷ್ಟ್ರಪತಿ ಜಾಕಿರ್ ಹುಸೇನರ ನಿಧನದಿಂದ ತೆರವಾದ ಸ್ಥಾನಕ್ಕೆ, ಅದೇ ವರ್ಷ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷದ ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿಯವರ ಹೆಸರನ್ನು ಬಹುಮತದಿಂದ ಆರಿಸಿತು. ಇಂದಿರಾ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಜುಲೈ 19ರಂದು ಅವರು 14 ಬ್ಯಾಂಕುಗಳನ್ನು ರಾಷ್ಟ್ರೀಕರಣಗೊಳಿಸಿ ಜನಪ್ರಿಯತೆಯನ್ನು ಹೆಚ್ಚಿಸಿಕೊಂಡರು. ರೆಡ್ಡಿಯವರ ಪರವಾಗಿ ನಿಜಲಿಂಗಪ್ಪನವರು ಸ್ವತಂತ್ರ ಪಕ್ಷ ಹಾಗೂ ಜನಸಂಘದ ನಾಯಕರೊಂದಿಗೆ ಮಾತುಕತೆ ನಡೆಸಿದ್ದು ಎದುರಾಳಿಗಳಿಗೆ ಅಸ್ತ್ರವಾಯಿತು. ಬಲಪಂಥೀಯರೊಂದಿಗೆ ಕೈಜೋಡಿಸಿದರೆಂಬ ಆರೋಪ ಬಂದಿತು. ಆಗಸ್ಟ್‌ನಲ್ಲಿ ವಿ. ವಿ. ಗಿರಿಯವರು ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪನವರ ಬಣವು ಇಂದಿರಾ ಅವರನ್ನು ಪಕ್ಷದಿಂದ ಉಚ್ಚಾಟಿಸಿತು. ಆದರೆ ಹೆಚ್ಚಿನ ಕಾಂಗ್ರೆಸ್ ಸಂಸದರು ಪ್ರಧಾನಿಯೊಂದಿಗೇ ಉಳಿದರು. ಹಿರಿಯರ ಬಣ ಸಂಸ್ಥಾ ಕಾಂಗ್ರೆಸ್ ಎನಿಸಿತು.

ಸೋಲು ಮತ್ತು ನಿವೃತ್ತಿ

1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ಮೈಸೂರು ರಾಜ್ಯದ 27 ಸ್ಥಾನಗಳನ್ನೂ ಗೆದ್ದಿತು. ಚಿತ್ರದುರ್ಗದ ನೆರೆಯ ತುಮಕೂರಿನಲ್ಲಿ, 1967ರಲ್ಲಿ ಪ್ರಜಾ ಸಮಾಜವಾದಿ ಪಕ್ಷದಿಂದ ಗೆದ್ದಿದ್ದ ಕೆ. ಲಕ್ಕಪ್ಪ ಈ ಬಾರಿ ಇಂದಿರಾ ಅವರ ಪಕ್ಷದಿಂದ ಮರು ಆಯ್ಕೆಯಾದರು. ಇದರ ಬೆನ್ನಲ್ಲೇ ವೀರೇಂದ್ರ ಪಾಟೀಲರ ಸರ್ಕಾರ ಬಿದ್ದಿತು. 1972ರಲ್ಲಿ, ಹಿಂದೆ ನಿಜಲಿಂಗಪ್ಪನವರ ಸಂಪುಟದಲ್ಲಿ ಸಚಿವರಾಗಿದ್ದ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾದರು. 1977ರಲ್ಲಿ ಸಂಸ್ಥಾ ಕಾಂಗ್ರೆಸ್ ಜನತಾ ಪಕ್ಷದಲ್ಲಿ ವಿಲೀನವಾಯಿತು.

ಸಕ್ರಿಯ ರಾಜಕಾರಣದಿಂದ ದೂರವಾದ ನಿಜಲಿಂಗಪ್ಪನವರು ಸರ್ದಾರ್ ವಲ್ಲಭಭಾಯಿ ಪಟೇಲರ ಹೆಸರಿನ ಸಂಸ್ಥೆಯೊಂದರ ಅಧ್ಯಕ್ಷರಾಗಿ ಕೆಲಸ ಮಾಡಿದರು, ಆತ್ಮಕಥೆಯನ್ನೂ ಬರೆದರು. 97ನೆಯ ವಯಸ್ಸಿನಲ್ಲಿ ಚಿತ್ರದುರ್ಗದಲ್ಲಿ ನಿಧನರಾದರು.

ಸ್ಮರಣೆ

ಚಿತ್ರದುರ್ಗದ ಸಮೀಪದ ಸೀಬಾರದಲ್ಲಿ ಅವರ ಸ್ಮಾರಕವಿದೆ. ಬೆಳಗಾವಿಯ ಸಕ್ಕರೆ ಸಂಸ್ಥೆ ಮತ್ತು ಬಾಗಲಕೋಟೆಯ ವೈದ್ಯಕೀಯ ಮಹಾವಿದ್ಯಾಲಯಗಳಿಗೆ ಅವರ ಹೆಸರನ್ನಿಡಲಾಗಿದೆ.