ಅನುಮತಿಗಾಗಿ ಕಾದ ವಾಸುದೇವ: ಶ್ರೀ ಮಧ್ವಾಚಾರ್ಯರ ಬದುಕಿನ ತಿರುವು

ಉಡುಪಿ ಮತ್ತು ಕಾಪುವಿಗೆ ಸಮೀಪ, ಕುಂಜಾರುಗಿರಿಯ ತಪ್ಪಲಲ್ಲಿರುವ ಪಾಜಕವು ದ್ವೈತಮತ ಸ್ಥಾಪಕ ಶ್ರೀ ಮಧ್ವಾಚಾರ್ಯರ ಜನ್ಮಭೂಮಿ. ಸಾಮಾನ್ಯವಾಗಿ ಒಪ್ಪಿತವಾಗಿರುವ ಲೆಕ್ಕದಂತೆ ಅವರ ಜನನ 1238ರಲ್ಲಿ. ಅವರ ಜೀವನದ ವಿವರಗಳಿಗೆ ಮುಖ್ಯ ಆಧಾರ ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯ.

ತಂದೆ ಮಧ್ಯಗೇಹ ಭಟ್ಟರು ಹಾಗೂ ತಾಯಿ ವೇದವತಿ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ದಂಪತಿ. ಉಡುಪಿಯ ಅನಂತೇಶ್ವರನನ್ನು ಹನ್ನೆರಡು ವರ್ಷ ಸೇವಿಸಿ ಪಡೆದ ಮಗನೇ ವಾಸುದೇವ. ಜನನಕ್ಕೆ ಮುನ್ನ ಆವೇಶಗೊಂಡ ವ್ಯಕ್ತಿಯೊಬ್ಬ ದೇಗುಲದ ಧ್ವಜಸ್ತಂಭವೇರಿ ಮಹಾಪುರುಷನ ಆಗಮನವನ್ನು ಸಾರಿದನಂತೆ. ದರ್ಶನದಲ್ಲಿ ನುಡಿ ಕೇಳಿ ಮುಂದಿನ ಹೆಜ್ಜೆ ಇಡುವ ತುಳುನಾಡಿಗೆ ಇದು ಅಪರಿಚಿತ ಸಂಗತಿಯಲ್ಲ.

ಎಳವೆಯಲ್ಲೇ ವಾಸುದೇವ ಸಂನ್ಯಾಸವನ್ನು ಬಯಸಿ ಅಚ್ಯುತಪ್ರೇಕ್ಷರ ಬಳಿ ಸೇರಿದ. ಯೋಗ್ಯ ಶಿಷ್ಯನೊಬ್ಬ ಬರುವನೆಂಬ ಸೂಚನೆ ಆ ಯತಿಗೂ ದೇವರಿಂದ ದೊರೆತಿತ್ತು. ಹೆತ್ತವರಿಗೆ ಮಾತ್ರ ಇದು ಸಿಡಿಲಿನಂತೆ ಎರಗಿತು. ಅಂಗಲಾಚುತ್ತಾ ತಂದೆ ಮಗನಿಗೇ ಕೈಮುಗಿದರು. ತಂದೆ ನಮಸ್ಕರಿಸುವುದು ಯತಿಯಾದ ಮಗನಿಗೆ ಮಾತ್ರ. ಆದ್ದರಿಂದ ಇದೇ ಅನುಮತಿಯೆಂದು ಬಾಲಕ ವಾದಿಸಿದ. ಜಾಣತನದ ಮಾತು ನಿಜ, ಆದರೆ ತಂದೆಯ ಮನಸ್ಸು ಅದರಿಂದ ಒಪ್ಪಲಿಲ್ಲ. ನೇತ್ರಾವತಿಯನ್ನು ದಾಟಿ ಅವರು ಮತ್ತೆ ಬೆನ್ನತ್ತಿದರು. ಮಗ ಕೌಪೀನ ಧರಿಸಿದರೆ ಪ್ರಾಣ ಬಿಡುವೆನೆಂದು ಬೆದರಿಸಿದಾಗ ಹುಡುಗ ಉಟ್ಟ ಬಟ್ಟೆಯನ್ನೇ ಹರಿದು ಕೌಪೀನ ಮಾಡಿಕೊಂಡ. ಕೊನೆಗೆ ಮುದಿತನದಲ್ಲಿ ತಮ್ಮನ್ನು ನೋಡಿಕೊಳ್ಳುವವರಾರೆಂಬ ಪ್ರಶ್ನೆ ಬಂತು. ಅದಕ್ಕೆ ವಾದದಲ್ಲಿ ಉತ್ತರವಿರಲಿಲ್ಲ. ತಮ್ಮನೊಬ್ಬ ಹುಟ್ಟುವವರೆಗೆ ಕಾಯುವುದಾಗಿ ಆತ ಮಾತು ಕೊಟ್ಟ.

ತಮ್ಮ ಹುಟ್ಟಿದ. ಆಗಲೂ ತಾಯಿಯ ಒಪ್ಪಿಗೆ ಬಾಕಿಯಿತ್ತು. ಒಪ್ಪದಿದ್ದರೆ ಮತ್ತೆಂದೂ ತನ್ನನ್ನು ಕಾಣಲಾರಳೆಂದು ಮಗ ಹೇಳಿದಾಗ ವೇದವತಿ ಮಣಿದಳು. ಕಠಿಣವಾದ ಮಾತೇ ಅದು.

ವಾಸುದೇವ ಪೂರ್ಣಪ್ರಜ್ಞನಾದ. ಮುಂದೆ ಆಚಾರ್ಯರು ಬದರಿಗೆ ತೆರಳಿ 48 ದಿನ ಉಪವಾಸ, ಮೌನ ಆಚರಿಸಿದರು. ವ್ಯಾಸರ ಕರೆ ಬಂದ ಬಳಿಕ, ಶಿಷ್ಯರಿಗೆ ಬರೆದು ತಿಳಿಸಿ ಒಬ್ಬರೇ ಹೊರಟರು. ಸತ್ಯತೀರ್ಥರು ಮಾತ್ರ ಹಿಂಬಾಲಿಸಿದರು. ಅವರನ್ನೂ ಮರಳಿ ಕಳುಹಿಸಲಾಯಿತು. ಬ್ರಹ್ಮಸೂತ್ರ ಭಾಷ್ಯ ರಚನೆಯಾದದ್ದು ಈ ಭೇಟಿಯ ನಂತರ.

ತಂದೆತಾಯಿ ತೀರಿಕೊಂಡ ಬಳಿಕ ಆ ತಮ್ಮನೂ ಅಣ್ಣನಿಂದಲೇ ಸಂನ್ಯಾಸ ಸ್ವೀಕರಿಸಿದರು. ಅವರೇ ವಿಷ್ಣುತೀರ್ಥರು, ಸೋದೆ ಮಠದ ಮೂಲ ಯತಿ.