ಸಕಾಗವಿಯಾ: ದುಡಿಮೆ ಆಕೆಯದು, ಪಗಾರ ಗಂಡನಿಗೆ

 

ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಗಂಡ-ಹೆಂಡತಿ ಇಬ್ಬರೂ ನಸುಕಿನಲ್ಲೇ ಹೊಲಕ್ಕೆ ಇಳಿಯುತ್ತಾರೆ. ಮುಂಗಡದ ಲೆಕ್ಕ ಮಾತ್ರ ಗಂಡನ ಹೆಸರಿನಲ್ಲಿ. ಅದನ್ನು ಕಂಡಾಗಲೆಲ್ಲ ನನಗೆ ಅಮೆರಿಕದ ಮೂಲನಿವಾಸಿ ಹೆಣ್ಣುಮಗಳು ಸಕಾಗವಿಯಾ ನೆನಪಾಗುತ್ತಾಳೆ.

1788ರ ಸುಮಾರಿಗೆ ಶೋಶೋನಿ ಕುಲದಲ್ಲಿ ಹುಟ್ಟಿದಳು. ಹನ್ನೆರಡರ ವಯಸ್ಸಿನಲ್ಲಿ ಹಿಡಾಟ್ಸಾ ಜನ ದಾಳಿ ಮಾಡಿ ಹೊತ್ತೊಯ್ದರು. ಮುಂದೆ ಶಾರ್ಬೊನೊ ಎಂಬ ಫ್ರೆಂಚ್ ವ್ಯಾಪಾರಿಯ ಪಾಲಾದಳು. ಹೆಂಡತಿ ಎನ್ನುತ್ತಾರೆ, ಆಯ್ಕೆಯಂತೂ ಆಕೆಯದಲ್ಲ.

ಪಶ್ಚಿಮ ಸಮುದ್ರಕ್ಕೆ ದಾರಿ ಹುಡುಕಲು ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ಶಾರ್ಬೊನೊನನ್ನು ದುಭಾಷಿಯಾಗಿ ಸೇರಿಸಿಕೊಂಡರು. ನಿಜವಾಗಿ ಬೇಕಿದ್ದುದು ಆಕೆಯ ಭಾಷೆ. ಬೆಟ್ಟ ದಾಟಲು ಕುದುರೆ ಬೇಕು, ಕುದುರೆ ಇದ್ದುದು ಶೋಶೋನಿಗಳ ಬಳಿ. 1805ರ ಏಪ್ರಿಲ್ 7ರಂದು ಹೊರಟಾಗ ಆಕೆಯ ಕೂಸಿಗೆ 55 ದಿನ. ಹಸಿ ಬಾಣಂತಿ! ದುಡಿಯುವ ಬಾಣಂತಿಯರಿಗಾಗಿ ಬಾಬಾಸಾಹೇಬರು ಮುಂಬೈ ಶಾಸನಸಭೆಯಲ್ಲಿ ಮಾತಾಡಿದ್ದು 1928ರಲ್ಲಿ.

ಆಗಸ್ಟ್ 17ರಂದು ಶೋಶೋನಿಗಳೊಡನೆ ಮಾತುಕತೆಗೆ ಕೂತಾಗ ಅವರ ನಾಯಕನ ಮುಖ ನೋಡಿದಳು. ಒಡಹುಟ್ಟಿದವನು! ಓಡಿಹೋಗಿ ಅಪ್ಪಿಕೊಂಡು ಅತ್ತಳು. ಕಣ್ಣೊರೆಸಿಕೊಂಡು ಮತ್ತೆ ಕೆಲಸಕ್ಕೆ ಕೂತರೂ ಅಳು ನಡುನಡುವೆ ಉಕ್ಕುತ್ತಲೇ ಇತ್ತು. ಆಕೆ ಶೋಶೋನಿ ಮಾತನ್ನು ಹಿಡಾಟ್ಸಾಕ್ಕೆ ತರಬೇಕು, ಗಂಡ ಅದನ್ನು ಫ್ರೆಂಚಿಗೆ, ಮತ್ತೊಬ್ಬ ಇಂಗ್ಲಿಷಿಗೆ. ಸಮ್ಮಾ ವಾಚಾ ಓದುವಾಗ ನನಗೆ ಈ ದೃಶ್ಯವೇ ಕಣ್ಣಿಗೆ ಕಟ್ಟುತ್ತದೆ. ಮೊದಲ ಕೊಂಡಿ ಕಳಚಿದ್ದರೆ ಕುದುರೆಯೂ ಇಲ್ಲ, ಸಮುದ್ರವೂ ಇಲ್ಲ.

ಸಮುದ್ರ ಮುಟ್ಟಿದ ಮೇಲೆ ಚಳಿಗಾಲಕ್ಕೆ ಎಲ್ಲಿ ಬೀಡುಬಿಡುವುದೆಂದು ಎಲ್ಲರನ್ನೂ ಕೇಳಿದರು. ಗುಲಾಮ ಯಾರ್ಕ್‌ನ ಅಭಿಪ್ರಾಯವೂ ಆಕೆಯದೂ ದಾಖಲಾಯಿತು. ಗಡ್ಡೆ ಹೆಚ್ಚು ಸಿಗುವ ಕಡೆ ಇರೋಣ ಎಂದಳು. ಹಸಿವು ಬಲ್ಲವಳ ಮಾತು.

1806ರ ಆಗಸ್ಟ್‌ನಲ್ಲಿ ಮರಳಿದಾಗ ಶಾರ್ಬೊನೊಗೆ 500 ಡಾಲರ್ 33 ಸೆಂಟ್ ಸಿಕ್ಕಿತು, ಆಮೇಲೆ 320 ಎಕರೆ ಜಮೀನೂ. ಆಕೆಗೆ ಏನೂ ಇಲ್ಲ. ಯಾರ್ಕ್‌ಗೂ ಇಲ್ಲ, ಅವನಿಗೆ ಬಿಡುಗಡೆಯೂ ಇಲ್ಲ. ಆಕೆಯ ಸೇವೆಗೆ ಇನ್ನೂ ದೊಡ್ಡ ಪ್ರತಿಫಲ ಸಲ್ಲಬೇಕಿತ್ತು, ಕೊಡುವ ಶಕ್ತಿ ತಮಗಿರಲಿಲ್ಲ ಎಂದು ಕ್ಲಾರ್ಕ್ ಪತ್ರ ಬರೆದ. ಅದನ್ನೂ ಬರೆದದ್ದು ಗಂಡನಿಗೆ. ಅವನಿಗೆ ಕೊಡಲು ಮಾತ್ರ ಶಕ್ತಿ ಇತ್ತು ನೋಡಿ. 2000ದಲ್ಲಿ ಅಮೆರಿಕ ಆಕೆಯ ಚಿತ್ರವನ್ನು ಒಂದು ಡಾಲರ್ ನಾಣ್ಯದ ಮೇಲೆ ಅಚ್ಚುಹಾಕಿತು.

1812ರ ಡಿಸೆಂಬರ್ 20ರಂದು ಮಿಸೌರಿ ನದಿ ದಂಡೆಯ ಕೋಟೆಯೊಂದರಲ್ಲಿ ಜ್ವರದಿಂದ ತೀರಿಕೊಂಡಳು. ವಯಸ್ಸು ಸುಮಾರು 25. ಶಾರ್ಬೊನೊನ ಹೆಂಡತಿ ಸತ್ತಳೆಂದು ಅಲ್ಲಿನ ಗುಮಾಸ್ತ ದಿನಚರಿಯಲ್ಲಿ ಬರೆದ. ಹೆಸರು ಬರೆಯಲಿಲ್ಲ.